ಫೋಟೋ ಒಳಗೆ ಗುಟ್ಟು ಬಚ್ಚಿಡೋದು ಹೇಗೆ: ಮೊದ್ಲು ಬೀಗ, ಆಮೇಲೆ ಮರೆ

ಹೋದ ವರ್ಷ ನಮ್ಮನೆ ತುಳಸಿಕಟ್ಟೆ ಫೋಟೋ ಒಂದರೊಳಗೆ ನನ್ನ ಇಮೇಲ್‌ನ ಬ್ಯಾಕಪ್ ಕೋಡ್‌ಗಳನ್ನ ಬಚ್ಚಿಟ್ಟಿದ್ದೆ. ಫೋನ್ ಕಳೆದುಹೋದ್ರೆ ಅಕೌಂಟ್ ಒಳಗೆ ಹೋಗೋಕೆ ಕೊಡ್ತಾರಲ್ಲ, ಹತ್ತು ಕೋಡ್‌ದು ಒಂದು ಪಟ್ಟಿ, ಅದು. ಆ ಫೋಟೋ ಮನೆ ಕಂಪ್ಯೂಟರಲ್ಲಿ ಎಲ್ರೂ ನೋಡೋ ಫೋಲ್ಡರಲ್ಲೇ ಬಿದ್ದಿತ್ತು, ಯಾರಿಗೂ ಡೌಟೇ ಬರ್ಲಿಲ್ಲ, ನಂಗೆ ಒಳಗೊಳಗೇ ಹೆಮ್ಮೆ. ಆರು ತಿಂಗಳಾದ್ಮೇಲೆ ಫೋನ್ ಬಿದ್ದು ಒಡೆದೋಯ್ತು, ಕೋಡ್ ಬೇಕಾಯ್ತು, ತೆಗೆಯೋಕೆ ಹೋದ್ರೆ ಬರ್ತಾನೇ ಇಲ್ಲ. ಪಾಸ್‌ವರ್ಡ್ ಸರಿ ಇದೆ, ಸಾಫ್ಟ್‌ವೇರ್ ಅದೇ, ಫೋಟೋನೂ ಅದೇ, ಏನಾಗಿದೆ ಅಂತ ತಲೆ ಕೆಟ್ಟು ಕೂತಿದ್ದಾಗ ಅಮ್ಮ ಬಂದು ನೋಡಿ, "ಅದಾ, ತುಂಬ ಕತ್ಲೆ ಕತ್ಲೆಯಾಗಿತ್ತು ಕಣೋ, ಸ್ವಲ್ಪ ಬೆಳಕು ಮಾಡಿ ಸೇವ್ ಮಾಡ್ದೆ" ಅಂದ್ರು. ಮುಗೀತು ಕಥೆ. ಒಳಗಿದ್ದದ್ದೆಲ್ಲ ಹೋಯ್ತು.

ಹಾಗಾಗಿ ಇದನ್ನ ಬರೀತಿದೀನಿ. ನೆಟ್ಟಲ್ಲಿ ಇದರ ಬಗ್ಗೆ ಇರೋದೆಲ್ಲ ಗೂಢಚಾರರ ಕಥೆ ತರ ಇರತ್ತೆ, ನಮ್ಮಂಥೋರ ಗುಟ್ಟು ಹಾಳಾಗೋದು ಮಾತ್ರ ಹೀಗೆ, ಯಾರೋ ಬೆಳಕು ಮಾಡಿ, ಕ್ರಾಪ್ ಮಾಡಿ, ವಾಟ್ಸಾಪ್ ಮಾಡಿ.

ಈ ವಿದ್ಯೆಗೆ ಸ್ಟೆಗನೋಗ್ರಫಿ ಅಂತಾರೆ, ಗ್ರೀಕ್ ಪದ, ಮುಚ್ಚಿದ ಬರಹ ಅಂತ ಅರ್ಥ. ಚಿಕ್ಕವರಿದ್ದಾಗ ನಿಂಬೆರಸದಲ್ಲಿ ಬರೆದು ದೀಪದ ಬಿಸಿಗೆ ಹಿಡಿದು ಓದ್ತಿದ್ವಲ್ಲ, ಅದೇ ಜಾತಿ. ಗ್ರೀಕರ ಕಾಲದ ಕಥೆ ಒಂದಿದೆ, ಹೆರೊಡೋಟಸ್ ಅನ್ನೋ ಗ್ರೀಕ್ ಇತಿಹಾಸಕಾರ ಹೇಳಿದ್ದು: ಹಿಸ್ಟಿಯಸ್ ಅನ್ನೋನು ತನ್ನ ಆಳಿನ ತಲೆ ಬೋಳಿಸಿ, ಬುರುಡೆ ಮೇಲೆ ಸಂದೇಶನ ಹಚ್ಚೆ ಹಾಕ್ಸಿ, ಕೂದ್ಲು ಬೆಳೆಯೋವರೆಗೂ ಕಾದು ಆಮೇಲೆ ಅವನನ್ನ ಮಿಲೆಟಸ್ ಅನ್ನೋ ಊರಿಗೆ ಕಳಿಸಿದ್ನಂತೆ. ತಾಳ್ಮೆ ಅಂದ್ರೆ ತಾಳ್ಮೆ. ನಮಗೆ ಹತ್ತು ನಿಮಿಷ ಸಾಕು.

ಒಂದು ವಿಷಯ ಮೊದ್ಲೇ ಸ್ಪಷ್ಟ ಮಾಡ್ಕೊಳ್ಳೋಣ. ಎನ್‌ಕ್ರಿಪ್ಷನ್ ಅಂದ್ರೆ ಬೀಗ: ಪೆಟ್ಟಿಗೆ ಇದೆ ಅಂತ ಎಲ್ರಿಗೂ ಕಾಣತ್ತೆ, ತೆಗೆಯೋಕೆ ಮಾತ್ರ ಆಗಲ್ಲ. ಸ್ಟೆಗನೋಗ್ರಫಿ ಅಂದ್ರೆ ಮರೆ: ಪೆಟ್ಟಿಗೆ ಇರೋದೇ ಗೊತ್ತಾಗಲ್ಲ, ಆದ್ರೆ ಗೊತ್ತಾದ್ರೆ ತೆಗೆದುಬಿಡ್ಬೋದು. ಅಕ್ಕಿ ಡಬ್ಬದಲ್ಲಿ ದುಡ್ಡು ಇಡೋ ಹಾಗೆ. ಕಳ್ಳ ಡಬ್ಬದ ಕಡೆ ನೋಡದೇ ಇರೋವರೆಗೂ ಸೇಫು, ಆದ್ರೆ ಕಳ್ಳರಿಗೆ ಅಕ್ಕಿ ಡಬ್ಬದ ವಿಷಯ ಗೊತ್ತಿಲ್ವಾ? ಅದಕ್ಕೇ ಎರಡೂ ಬೇಕು, ಮೊದ್ಲು ಬೀಗ ಹಾಕಿ ಆಮೇಲೆ ಡಬ್ಬದೊಳಗೆ ಇಡೋದು. ಉಲ್ಟಾ ಮಾಡಿದ್ರೆ ಉಪಯೋಗ ಇಲ್ಲ, ಒಂದನ್ನ ಬಿಟ್ಟು ಒಂದು ಮಾಡಿದ್ರೂ ಅರ್ಧ ಕೆಲಸನೇ.

ಫೋಟೋದಲ್ಲಿ ಜಾಗ ಎಲ್ಲಿರತ್ತೆ

ಡಿಜಿಟಲ್ ಫೋಟೋ ಅಂದ್ರೆ ಪಿಕ್ಸೆಲ್‌ಗಳ ರಾಶಿ, ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, ಒಂದೊಂದೂ 0 ಇಂದ 255ರವರೆಗೆ. ಕೆಂಪು 200 ಅಂತಿದ್ರೆ ಕಂಪ್ಯೂಟರ್ ಅದನ್ನ 11001000 ಅಂತ ಬರ್ಕೊಂಡಿರತ್ತೆ. ಕೊನೆ ಸೊನ್ನೆನ ಒಂದು ಮಾಡಿದ್ರೆ 11001001, ಅಂದ್ರೆ 201. ಕೆಂಪು 200ಕ್ಕೂ 201ಕ್ಕೂ ವ್ಯತ್ಯಾಸ ಹೇಳೋ ಕಣ್ಣು ಇನ್ನೂ ಹುಟ್ಟಿಲ್ಲ. ಈ ಒಂದೊಂದು ಸೊನ್ನೆಗೂ ಒಂದಕ್ಕೂ ಬಿಟ್ ಅಂತಾರೆ, ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಆ ಕೊನೇ ಬಿಟ್ ನಮ್ಮ ಜಾಗ, ಒಂದು ಪಿಕ್ಸೆಲ್‌ಗೆ ಮೂರು ಬಿಟ್ ಸಿಗತ್ತೆ.

ಲೆಕ್ಕ ಹಾಕಿ ನೋಡಿ, 4000ಕ್ಕೆ 3000 ಪಿಕ್ಸೆಲ್‌ದು ಸಾಮಾನ್ಯ ಫೋನ್ ಫೋಟೋದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್, 3 ಕೋಟಿ 60 ಲಕ್ಷ ಬಿಟ್, ಅಂದ್ರೆ 45 ಲಕ್ಷ ಬೈಟ್ ಹಿಡಿಯೋ ಜಾಗ. ಸುಮಾರು 4.5 ಎಂಬಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಕನ್ನಡಕ್ಕೆ ಯೂನಿಕೋಡ್ ಯುಟಿಎಫ್-8 ಅನ್ನೋ, ಕಂಪ್ಯೂಟರಲ್ಲಿ ಅಕ್ಷರ ಕೂಡಿಡೋ ಪದ್ಧತಿಲಿ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರ ಬಂದ್ರೆ ಮಧ್ಯೆ ಕಾಣದೇ ಕೂತಿರೋ ಹಲಂತಕ್ಕೂ ಮೂರು. 'ಕನ್ನಡ' ಅನ್ನೋ ಒಂದು ಪದ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್‌ಗೆ ಕ, ನ, ಹಲಂತ, ನ, ಡ ಅಂತ ಐದು ಚಿಹ್ನೆ, 15 ಬೈಟ್, 120 ಬಿಟ್, ಅಂದ್ರೆ 40 ಪಿಕ್ಸೆಲ್. ಬೇಜಾರಾಗ್ಬೇಡಿ, ಆ ಮೂರು ಬೈಟಲ್ಲಿ ಮೊದಲನೇದು ಯಾವಾಗ್ಲೂ ಒಂದೇ ಇರತ್ತೆ, ಎರಡನೇದು ಎರಡರಲ್ಲಿ ಒಂದು ಅಷ್ಟೇ, ಹಾಗಾಗಿ ಉದ್ದದ ಕನ್ನಡ ಬರಹ ಜಿಪ್ ಮಾಡಿದ್ರೆ ಚೆನ್ನಾಗಿ ಕುಗ್ಗತ್ತೆ.

ಇಲ್ಲೇ ಇನ್ನೊಂದು ಅರ್ಥ ಮಾಡ್ಕೊಬೇಕಾದ್ದು, ಜೆಪಿಜಿ ವಿಷಯ. ಜೆಪಿಜಿ ಅನ್ನೋದು ಕಣ್ಣಿಗೆ ಕಾಣದ ಸಣ್ಣ ಸಣ್ಣ ವಿವರನ ಬಿಸಾಕಿ ಫೈಲ್ ಚಿಕ್ಕದು ಮಾಡೋ ವಿಧಾನ, ನಾವು ಬಚ್ಚಿಟ್ಟಿರೋದೂ ಕಣ್ಣಿಗೆ ಕಾಣದ ಸಣ್ಣ ವಿವರದಲ್ಲೇ, ಸೋ ಕಸ ಗುಡಿಸುವಾಗ ಮೂಗುಬೊಟ್ಟೂ ಹೋದಂಗೆ. ಅದಕ್ಕೆ ಈ ವಿಧಾನದಲ್ಲಿ ಕೊನೆಗೆ ಬರೋ ಫೈಲ್ ಪಿಎನ್‌ಜಿ ಆಗಿರತ್ತೆ, ಅದರಲ್ಲಿ ಒಂದು ಬಿಟ್ಟೂ ಕಳೆಯಲ್ಲ. ಜೆಪಿಜಿ ಒಳಗೇ ಇಡೋ ಸ್ಟೆಗ್‌ಹೈಡ್ ತರದ ಬೇರೆ ಸಾಫ್ಟ್‌ವೇರ್‌ಗಳೂ ಇವೆ, ಆ ವಿಷಯ ಆಮೇಲೆ ಬರತ್ತೆ.

ಮೊದ್ಲು ಫೋಟೋ ಆರ್ಸಿ

ನೀವೇ ತೆಗೆದ ಫೋಟೋ ಆಗಿರ್ಬೇಕು, ನೆಟ್ಟಿಂದ ಇಳಿಸಿದ್ದು ಬೇಡವೇ ಬೇಡ. ಯಾಕಂದ್ರೆ ಅದರ ಒರಿಜಿನಲ್ ಎಲ್ಲರ ಹತ್ರನೂ ಇರತ್ತೆ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದ್ರೆ ಎಲ್ಲೆಲ್ಲಿ ಬಿಟ್ ಬದಲಾಗಿದೆ ಅಂತ ಒಂದು ಸೆಕೆಂಡಲ್ಲಿ ಗೊತ್ತಾಗತ್ತೆ. ಇದೇ ಕಾರಣಕ್ಕೆ ಕೆಲಸ ಮುಗಿದ್ಮೇಲೆ ನಿಮ್ಮ ಒರಿಜಿನಲ್ ಫೋಟೋನೂ ಡಿಲೀಟ್ ಮಾಡ್ಬೇಕು, ಫೋನಿಂದ, ರೀಸೈಕಲ್ ಬಿನ್ನಿಂದ, ಗೂಗಲ್ ಫೋಟೋಸಿಂದ, ಅದರ ಟ್ರ್ಯಾಶಿಂದಾನೂ. ಒಂದು ಫೋಟೋನ ಒಂದೇ ಸಲ ಬಳಸಿ.

ಫೋಟೋದಲ್ಲಿ ಗಲಿಬಿಲಿ ಇದ್ದಷ್ಟೂ ಒಳ್ಳೇದು. ರಾಗಿ ಹೊಲ, ಜಲ್ಲಿಕಲ್ಲು ರಾಶಿ, ಕೆ.ಆರ್. ಮಾರ್ಕೆಟ್ ಹೂವಿನ ಗುಡ್ಡೆ, ಮರದ ಎಲೆ, ಕಂಬಳಿ, ಇಳಕಲ್ ಸೀರೆ ಸೆರಗು, ಇಂಥವು. ಖಾಲಿ ಆಕಾಶ, ಬಿಳಿ ಗೋಡೆ, ಕಾರ್ಟೂನ್, ಬಣ್ಣ ಬಳಿದಂಗಿರೋ ಪೋಸ್ಟರ್ ಬೇಡ, ಅಲ್ಲಿ ಅಕ್ಕಪಕ್ಕದ ಪಿಕ್ಸೆಲ್ ಎಲ್ಲ ಒಂದೇ ಅಂಕಿ ಇರತ್ತೆ, ಮಧ್ಯೆ ಒಂದು ಬೇರೆಯಾದ್ರೆ ಬಿಳಿ ಪಂಚೆ ಮೇಲೆ ಸಾರು ಬಿದ್ದಂಗೆ.

ಫೋನ್ ಫೋಟೋ ಒಳಗೆ ತೆಗೆದ ಜಾಗ, ದಿನ, ಫೋನ್ ಮಾಡೆಲ್ ಎಲ್ಲ ಸೇರ್ಕೊಂಡಿರ್ಬೋದು, ಎಕ್ಸಿಫ್ ಅಂತಾರೆ ಅದಕ್ಕೆ. ವಿಂಡೋಸಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಕೆಳಗಡೆ ರಿಮೂವ್ ಪ್ರಾಪರ್ಟೀಸ್ ಅಂತಿದೆ, ಒತ್ತಿ ತೆಗ್ದುಬಿಡಿ. ಗುಟ್ಟು ಬಚ್ಚಿಡೋ ಫೋಟೋದಲ್ಲಿ ನಿಮ್ಮನೆ ಅಡ್ರೆಸ್ ಯಾಕೆ.

ಬೀಗ ಹಾಕೋದು

ಬಚ್ಚಿಡೋ ವಿಷಯನ ನೋಟ್‌ಪ್ಯಾಡಲ್ಲಿ ಒಂದು ಟೆಕ್ಸ್ಟ್ ಫೈಲ್ ಮಾಡಿ. ಆಮೇಲೆ 7-ಜಿಪ್ ಹಾಕ್ಕೊಳ್ಳಿ, ಫ್ರೀ ಸಾಫ್ಟ್‌ವೇರು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 7-ಜಿಪ್ ಮೆನುಲಿ ಆಡ್ ಟು ಆರ್ಕೈವ್ ಅನ್ನಿ, ಫಾರ್ಮ್ಯಾಟ್ 7ಝಡ್ ಇರ್ಲಿ, ಬಲಗಡೆ ಪಾಸ್‌ವರ್ಡ್ ಎರಡು ಸಲ ಹಾಕಿ, ಕೆಳಗೆ ಎನ್‌ಕ್ರಿಪ್ಟ್ ಫೈಲ್ ನೇಮ್ಸ್ ಅನ್ನೋದಕ್ಕೂ ಟಿಕ್ ಮಾಡಿ ಓಕೆ ಕೊಡಿ. ಇದು ಎಇಎಸ್-256 ಬೀಗ, ಗಟ್ಟಿ. ಫಾರ್ಮ್ಯಾಟ್ ಜಿಪ್ ಅಂತ ಆರಿಸಿದ್ರೆ ಮಾತ್ರ ಹುಷಾರು, ಅಲ್ಲಿ ಜಿಪ್‌ಕ್ರಿಪ್ಟೋ ಅನ್ನೋ ಹಳೇ ದುರ್ಬಲ ಬೀಗನೂ ಒಂದಿದೆ, ಅದನ್ನ ಮುಟ್ಬೇಡಿ.

ಬೀಗ ಎಷ್ಟು ಗಟ್ಟಿ ಇದ್ರೂ ಬೀಗದಕೈ 'ರಾಮ123' ಆದ್ರೆ ಏನು ಬಂತು. ಸ್ಟೆಗ್‌ಹೈಡ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ, ಅದರ ಕಥೆ ಇಲ್ಲಿ ಬೇಕು. ಅದು ತುಂಬ ಹೆಸರು ಮಾಡಿದ ಸಾಫ್ಟ್‌ವೇರ್, ಕೊನೆ ವರ್ಷನ್ 0.5.1 ಬಂದಿದ್ದು 2003ರಲ್ಲಿ, ಇವತ್ತಿಗೂ ಅರ್ಧಕ್ಕರ್ಧ ಗೈಡ್‌ಗಳು ಅದನ್ನೇ ಹೇಳ್ತವೆ. ಆಮೇಲೆ ಸ್ಟೆಗ್‌ಸೀಕ್ ಅಂತ ಒಂದು ಟೂಲ್ ಬಂತು, ರಾಕ್‌ಯೂ ಅಂತ ಹಿಂದೆ ಲೀಕ್ ಆದ ಪಾಸ್‌ವರ್ಡ್‌ಗಳ ಪಟ್ಟಿ ಇದೆ, 1 ಕೋಟಿ 40 ಲಕ್ಷಕ್ಕೂ ಜಾಸ್ತಿ ಪಾಸ್‌ವರ್ಡು, ಅಷ್ಟನ್ನೂ ಒಂದೊಂದಾಗಿ ಸ್ಟೆಗ್‌ಹೈಡ್ ಫೋಟೋ ಮೇಲೆ ಹಾಕಿ ನೋಡೋಕೆ ಅದಕ್ಕೆ ಎರಡು ಸೆಕೆಂಡೂ ಬೇಡ. ಪಾಸ್‌ವರ್ಡೇ ಗೊತ್ತಿಲ್ದೆ 'ಇದರಲ್ಲಿ ಏನೋ ಇದೆ' ಅಂತ ಕಂಡುಹಿಡಿಯೋ ಲೋಪನೂ 2021ರಲ್ಲಿ ಬೆಳಕಿಗೆ ಬಂತು. ಹಾಗಾಗಿ ಕಲಿಯೋಕೆ ಸ್ಟೆಗ್‌ಹೈಡ್ ಓಕೆ, ನಿಜವಾದ ಗುಟ್ಟಿಗೆ ನಾನು ಬೇಡ ಅಂತೀನಿ.

ಪಾಸ್‌ವರ್ಡ್‌ಗೆ ನಾನು ದಾಳ ಉರುಳಿಸ್ತೀನಿ. ತಮಾಷೆ ಅಲ್ಲ, ಡೈಸ್‌ವೇರ್ ಅಂತ ಪದ್ಧತಿನೇ ಇದೆ, 7776 ಪದಗಳ ಪಟ್ಟಿ, ಐದು ದಾಳದ ಅಂಕಿ ನೋಡಿ ಒಂದು ಪದ ಆರಿಸೋದು, ಹಾಗೆ ಆರು ಪದ ಆರಿಸಿ ಸಾಲಾಗಿ ಬರ್ಕೊಳೋದು. ಅರ್ಥ ಇಲ್ಲದ ಆರು ಪದ, ಅದಕ್ಕೊಂದು ಕಥೆ ಕಟ್ಟಿದ್ರೆ ಮರೆಯಲ್ಲ. ದಾಸರ ಪದದ ಮೊದಲ ಸಾಲು, ಗಾದೆ, ಮಗಳ ಹೆಸರು ಜೊತೆ ಹುಟ್ಟಿದ ವರ್ಷ, ಇವೆಲ್ಲ ನಿಮಗೆ ಹೊಳೆದ ಹಾಗೆ ಇನ್ನೊಬ್ರಿಗೂ ಹೊಳೆಯತ್ತೆ. ಮತ್ತೆ ಫೋನ್ ಲಾಕಿಗೋ ಇಮೇಲಿಗೋ ಇರೋ ಪಾಸ್‌ವರ್ಡನ್ನೇ ಇಲ್ಲೂ ಹಾಕ್ಬೇಡಿ.

ಈಗ ಬಚ್ಚಿಡೋದು

ನಾನು ಬಳಸೋದು ಓಪನ್‌ಸ್ಟೆಗೊ. ಫ್ರೀ, ಸೋರ್ಸ್ ಕೋಡ್ ಬಹಿರಂಗ, ಕಮಾಂಡ್ ಟೈಪ್ ಮಾಡೋ ತಲೆನೋವಿಲ್ಲ. ಓಡೋಕೆ ಜಾವಾ ಬೇಕಾಗತ್ತೆ, ಮೊದ್ಲು ಅದನ್ನ ಹಾಕ್ಕೊಳ್ಳಿ, ಆಮೇಲೆ ಓಪನ್‌ಸ್ಟೆಗೊನ ಅದರ ಸ್ವಂತ ಸೈಟಿಂದನೋ ಗಿಟ್‌ಹಬ್ಬಿಂದನೋ ಮಾತ್ರ ಇಳಿಸ್ಕೊಳ್ಳಿ. ಫೋನಲ್ಲಿ ಮಾಡೋ ಆಪ್‌ಗಳು ಬೇಕಾದಷ್ಟಿವೆ, ನಾನು ನಂಬಲ್ಲ, ಗುಟ್ಟು ಮುಚ್ಚಿಡೋ ಆಪು ಎಲ್ಲ ಫೈಲ್ ನೋಡೋ ಪರ್ಮಿಷನ್ ಕೇಳಿ ಮೇಲೊಂದು ಆ್ಯಡ್ ತೋರಿಸ್ತಿದ್ರೆ ಅದು ಯಾರ ಗುಟ್ಟು ಮುಚ್ಚಿಡ್ತಿದೆ ಅಂತ ಯೋಚ್ನೆ ಮಾಡ್ಬೇಕಾಗತ್ತೆ. ಆನ್‌ಲೈನ್ ಸೈಟಲ್ಲಿ ಫೋಟೋ ಹಾಕಿ ಮೆಸೇಜ್ ಟೈಪ್ ಮಾಡೋದಂತೂ ಗುಟ್ಟನ್ನ ಊರಿನ ಮೈಕಲ್ಲಿ ಹೇಳಿ ಯಾರಿಗೂ ಹೇಳ್ಬೇಡಿ ಅಂದಂಗೆ.

ಓಪನ್‌ಸ್ಟೆಗೊ ತೆಗೆದ್ರೆ ಎಡಗಡೆ ಹೈಡ್ ಡೇಟಾ ಅಂತಿರತ್ತೆ. ಮೆಸೇಜ್ ಫೈಲ್ ಅನ್ನೋ ಜಾಗಕ್ಕೆ ಬೀಗ ಹಾಕಿರೋ 7ಝಡ್ ಫೈಲ್ ಕೊಡಿ, ಟೆಕ್ಸ್ಟ್ ಫೈಲ್ ಅಲ್ಲ, ಅವಸರದಲ್ಲಿ ಇಲ್ಲೇ ಎಡವೋದು. ಕವರ್ ಫೈಲ್ ಅನ್ನೋಕಡೆ ನೀವು ಆರಿಸಿದ ಫೋಟೋ, ಅದು ಜೆಪಿಜಿ ಆಗಿದ್ರೂ ಪರ್ವಾಗಿಲ್ಲ. ಔಟ್‌ಪುಟ್ ಸ್ಟೆಗೊ ಫೈಲ್ ಅನ್ನೋಕಡೆ ಹೊಸ ಹೆಸರು, ಕೊನೇಲಿ ಪಿಎನ್‌ಜಿ ಇರ್ಲಿ. ದಯವಿಟ್ಟು 'ಸೀಕ್ರೆಟ್' ಅಂತ ಹೆಸರಿಡ್ಬೇಡಿ, ನಗಬೇಡಿ, ಇಟ್ಟೋರಿದಾರೆ. ಕೆಳಗೆ ಎನ್‌ಕ್ರಿಪ್ಷನ್ ಎಇಎಸ್256 ಆರಿಸಿ, ಪಾಸ್‌ವರ್ಡ್ ಹಾಕಿ, ಇದು 7-ಜಿಪ್‌ಗೆ ಹಾಕಿದ್ದಕ್ಕಿಂತ ಬೇರೆಯಾಗಿದ್ರೆ ಒಳ್ಳೇದು. ಹೈಡ್ ಡೇಟಾ ಬಟನ್ ಒತ್ತಿ, ಆಯ್ತು ಅಂತ ಬರತ್ತೆ.

ಎಷ್ಟು ತುಂಬ್ಸಬೋದು ಅನ್ನೋದು ಮುಖ್ಯ. 45 ಲಕ್ಷ ಬೈಟ್ ಜಾಗ ಇದೆ ಅಂತ ಗಂಟಲ ಮಟ್ಟ ತುಂಬಿದ್ರೆ ಕಣ್ಣಿಗೆ ಕಾಣದಿದ್ರೂ ಲೆಕ್ಕಕ್ಕೆ ಸಿಕ್ಕಿಬೀಳತ್ತೆ. ಹೇಗಂದ್ರೆ, ಮಾಮೂಲಿ ಫೋಟೋದಲ್ಲಿ 200 ಅಂಕಿಯ ಪಿಕ್ಸೆಲ್ ಎಷ್ಟಿದಾವೋ 201ದು ಅಷ್ಟೇ ಇರಲ್ಲ, ಒಂದು ಜಾಸ್ತಿ ಒಂದು ಕಮ್ಮಿ. ಕೊನೆ ಬಿಟ್ಟನ್ನ ಎಲ್ಲಾ ಕಡೆ ಬದಲಾಯಿಸ್ತಾ ಹೋದ್ರೆ 200 ಮತ್ತೆ 201, 202 ಮತ್ತೆ 203, ಹೀಗೆ ಜೋಡಿ ಜೋಡಿಯಾಗಿ ಎಣಿಕೆ ಸಮ ಆಗ್ತಾ ಬರತ್ತೆ, ತಕ್ಕಡಿ ತೂಗಿದಂಗೆ. ಪ್ರಕೃತಿಲಿ ಹಾಗೆ ಸಮ ಇರಲ್ಲ. ಇದನ್ನ ಹಿಡಿಯೋ ಪರೀಕ್ಷೆನ ವೆಸ್ಟ್‌ಫೆಲ್ಡ್ ಮತ್ತೆ ಫಿಟ್ಸ್‌ಮನ್ ಅನ್ನೋರು 1999ರಲ್ಲೇ ತೋರಿಸಿಕೊಟ್ಟಿದ್ರು, ಈಗ ಅದಕ್ಕಿಂತ ಚುರುಕಾದವು ಎಷ್ಟೋ ಬಂದಿವೆ. ಅದಕ್ಕೆ ನನ್ನ ಲೆಕ್ಕ, ಜಾಗದ ನೂರರಲ್ಲಿ ಒಂದು ಪಾಲು ದಾಟ್ಬೇಡಿ. 12 ಮೆಗಾಪಿಕ್ಸೆಲ್ ಫೋಟೋಗೆ ಅದು 45 ಕೆಬಿ ಆಯ್ತು, ಕೋಡ್, ಪಾಸ್‌ವರ್ಡ್, ಅಕೌಂಟ್ ವಿವರಗಳಿಗೆ ಧಾರಾಳ. ಪಿಡಿಎಫ್, ವಿಡಿಯೋ ತುರುಕಬೇಕು ಅನ್ನೋರಿಗೆ ಈ ದಾರಿ ಅಲ್ಲ, ವೆರಾಕ್ರಿಪ್ಟ್ ಅನ್ನೋ ಬೀಗ ಹಾಕೋ ಸಾಫ್ಟ್‌ವೇರ್ ನೋಡಿ.

ತೆಗೆದು ನೋಡದೆ ಏಳ್ಬೇಡಿ

ಒರಿಜಿನಲ್ ಟೆಕ್ಸ್ಟ್ ಫೈಲ್ ಅಳಿಸೋ ಮೊದ್ಲು ಒಂದ್ಸಲ ತೆಗೆದು ನೋಡ್ಲೇಬೇಕು. ಓಪನ್‌ಸ್ಟೆಗೊದಲ್ಲಿ ಎಕ್ಸ್‌ಟ್ರ್ಯಾಕ್ಟ್ ಡೇಟಾ, ಪಿಎನ್‌ಜಿ ಫೈಲ್ ಕೊಡಿ, ಯಾವ ಫೋಲ್ಡರಿಗೆ ಬರ್ಬೇಕು ಅಂತ ಹೇಳಿ, ಪಾಸ್‌ವರ್ಡ್ ಹಾಕಿ, 7ಝಡ್ ಫೈಲ್ ಈಚೆ ಬರತ್ತೆ, ಅದನ್ನ ಅದರ ಪಾಸ್‌ವರ್ಡಲ್ಲಿ ಬಿಚ್ಚಿ ಓದಿ. ಸರಿ ಇದ್ರೆ ಪಿಎನ್‌ಜಿ ಮೇಲೆ ರೈಟ್ ಕ್ಲಿಕ್, ಸಿಆರ್‌ಸಿ ಎಸ್‌ಎಚ್‌ಎ ಅಂತ 7-ಜಿಪ್‌ದೇ ಒಂದು ಮೆನು ಇದೆ, ಅಲ್ಲಿ ಎಸ್‌ಎಚ್‌ಎ-256 ಒತ್ತಿ ಬರೋ ಉದ್ದನೆ ಅಂಕಿಯ ಮೊದಲ ಎಂಟು, ಕೊನೆ ಎಂಟು ಎಲ್ಲಾದ್ರೂ ಬರ್ದಿಡಿ. ಮುಂದೆ ಯಾವಾಗ ನೋಡಿದ್ರೂ ಅದೇ ಬಂದ್ರೆ ಫೋಟೋನ ಯಾರೂ ಮುಟ್ಟಿಲ್ಲ ಅಂತ. ನಾನು ಇದನ್ನ ಮೊದ್ಲೇ ಮಾಡಿದ್ರೆ ಅಮ್ಮ ಬೆಳಕು ಮಾಡಿದ ವಾರವೇ ಗೊತ್ತಾಗ್ತಿತ್ತು. ಈಗ ಫೈಲ್‌ಗೆ ರೀಡ್ ಓನ್ಲಿ ಕೂಡ ಹಾಕಿದೀನಿ, ಎರಡನೇ ಕಾಪಿ ಪೆನ್‌ಡ್ರೈವಲ್ಲಿ.

ಆಮೇಲೆ ಒರಿಜಿನಲ್ ಟೆಕ್ಸ್ಟು, 7ಝಡ್ಡು, ತೆಗೆದು ನೋಡಿದಾಗ ಬಂದ ಕಾಪಿ, ಎಲ್ಲ ಅಳಿಸಿ. ಶಿಫ್ಟ್ ಡಿಲೀಟ್ ಮಾಡಿದ್ರೂ ಡಿಸ್ಕಿಂದ ನಿಜವಾಗಿ ಅಳಿಸಿಹೋಗಿರಲ್ಲ, ರಿಕವರಿ ಸಾಫ್ಟ್‌ವೇರಲ್ಲಿ ಎಷ್ಟೋ ಸಲ ವಾಪಸ್ ಬರತ್ತೆ, ಅದಕ್ಕೆ ಕಂಪ್ಯೂಟರ್ ಡಿಸ್ಕಿಗೇ ಎನ್‌ಕ್ರಿಪ್ಷನ್ ಹಾಕ್ಕೊಂಡಿದ್ರೆ ನೆಮ್ಮದಿ. ಡೆಸ್ಕ್‌ಟಾಪ್ ಫೋಲ್ಡರ್ ತಾನಾಗೇ ಕ್ಲೌಡಿಗೆ ಹೋಗೋ ಸೆಟ್ಟಿಂಗ್ ಇದ್ಯಾ ಅಂತನೂ ನೋಡ್ಕೊಳ್ಳಿ, ಟೆಕ್ಸ್ಟ್ ಫೈಲ್ ಆಗ್ಲೇ ಅಲ್ಲಿ ಹೋಗಿ ಕೂತಿದ್ರೆ ಇಷ್ಟೆಲ್ಲ ಮಾಡಿದ್ದು ದಂಡ.

ಕಳಿಸೋದು

ವಾಟ್ಸಾಪಲ್ಲಿ ಫೋಟೋ ತರ ಕಳಿಸಿದ್ರೆ ಅದು ಕುಗ್ಗಿಸಿ ಜೆಪಿಜಿ ಮಾಡಿ ಕಳಿಸತ್ತೆ, ಒಳಗಿಂದು ಹೋಯ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇದೇ ಹಾಡು. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ, ಟೆಲಿಗ್ರಾಂ ಆದ್ರೆ ಫೈಲ್ ಅಂತ ಕಳಿಸಿದ್ರೆ ಇದ್ದ ಹಾಗೇ ಹೋಗತ್ತೆ. ಇಮೇಲ್ ಅಟ್ಯಾಚ್‌ಮೆಂಟ್ ಓಕೆ, ಆದ್ರೆ ಫೋಟೋ ಪಿಎನ್‌ಜಿ ದಪ್ಪ ಇರತ್ತೆ, ಜಿಮೇಲ್ 25 ಎಂಬಿ ಮಿತಿ ದಾಟ್ಬೋದು, ಹಾಗಾದ್ರೆ ಶುರುಲೇ ಫೋಟೋನ ಸೈಜ್ ಕಮ್ಮಿ ಮಾಡಿ ಆಮೇಲೆ ಬಚ್ಚಿಡಿ, ಬಚ್ಚಿಟ್ಟ ಮೇಲೆ ಕಮ್ಮಿ ಮಾಡೋಹಂಗಿಲ್ಲ. ಪಾಸ್‌ವರ್ಡ್‌ನ ಅದೇ ಚಾಟಲ್ಲಿ ಕಳಿಸ್ಬೇಡಿ, ಫೋನ್ ಮಾಡಿ ಹೇಳಿ, ಇಲ್ಲಾಂದ್ರೆ ಎದುರಿಗೆ ಸಿಕ್ಕಾಗ ಹೇಳಿ.

ಇನ್ನೊಂದು ಹಳೇ ಟ್ರಿಕ್ ಇನ್ನೂ ಓಡಾಡ್ತಿದೆ, ಕಮಾಂಡ್ ಪ್ರಾಂಪ್ಟಲ್ಲಿ ಒಂದು ಫೋಟೋ ಬಾಲಕ್ಕೆ ಜಿಪ್ ಫೈಲ್ ಅಂಟಿಸೋದು. ಫೋಟೋ ಫೋಟೋ ಹಾಗೇ ತೆರೆಯತ್ತೆ, ಜಿಪ್ಪಾಗೂ ತೆರೆಯತ್ತೆ, ನೋಡೋಕೆ ಮಜಾ. ಅದು ಬಚ್ಚಿಡೋದಲ್ಲ, ಬೆನ್ನಿಗೆ ಚೀಟಿ ಅಂಟಿಸೋದು, ಫೈಲಿನ ಬೈಟ್‌ಗಳನ್ನ ಹಾಗೇ ತೋರಿಸೋ ಯಾವ ಹೆಕ್ಸ್ ವ್ಯೂವರಲ್ಲಿ ನೋಡಿದ್ರೂ ಫೋಟೋ ಮುಗಿದ್ಮೇಲೆ ಬಾಲ ಕಾಣತ್ತೆ.

ಯಾರಿಂದ ಬಚ್ಚಿಡ್ತಿದೀರಾ

ಮನೆಯೋರು, ರೂಂಮೇಟು, ಲ್ಯಾಪ್‌ಟಾಪ್ ಕದ್ದೋನು, ರಿಪೇರಿ ಅಂಗಡಿ ಹುಡುಗ, ಇವರಿಂದ ಅಂದ್ರೆ ಇಷ್ಟು ಬೇಕಾದಷ್ಟಾಯ್ತು. ಲ್ಯಾಬ್ ಇಟ್ಕೊಂಡು ಕೂತಿರೋರಿಂದ ಅಂದ್ರೆ ಬರೀ ಮರೆ ಮೇಲೆ ಭರವಸೆ ಇಡ್ಬೇಡಿ. 2010ರ ಜೂನಲ್ಲಿ ಅಮೆರಿಕದ ಎಫ್‌ಬಿಐ ಹತ್ತು ಜನ ರಷ್ಯಾ ಏಜೆಂಟರನ್ನ ಹಿಡೀತು, ಅವರಲ್ಲಿ ಕೆಲವರು ತಮ್ಮ ಮೆಸೇಜ್‌ಗಳನ್ನ ಪಬ್ಲಿಕ್ ವೆಬ್‌ಸೈಟಿನ ಚಿತ್ರಗಳೊಳಗೆ ಬಚ್ಚಿಟ್ಟು ಕಳಿಸ್ತಿದ್ರು, ಸಾಫ್ಟ್‌ವೇರೂ ಅವರಿಗೇ ಅಂತ ಮಾಡಿದ್ದು, ಪಾಸ್‌ವರ್ಡ್ 27 ಅಕ್ಷರದ್ದು. ಆ ಮೆಸೇಜ್‌ಗಳನ್ನ ಎಫ್‌ಬಿಐ ಓದಿದ್ದು ಹೇಗೆ ಗೊತ್ತಾ? ಮನೆ ಹುಡುಕಿದಾಗ ಆ 27 ಅಕ್ಷರನೂ ಒಂದು ಕಾಗದದಲ್ಲಿ ಬರ್ದಿಟ್ಟಿದ್ದು ಸಿಕ್ತು.

ಕಂಪನಿ ಫೈಲ್ ಆಚೆ ಸಾಗಿಸೋಕೆ ಇದನ್ನ ಬಳಸ್ಬೋದಾ ಅಂತ ಕೇಳೋರಿಗೆ: ಅಮೆರಿಕದಲ್ಲಿ ಒಬ್ಬ ಇಂಜಿನಿಯರ್ ಟರ್ಬೈನ್ ಫೈಲ್‌ಗಳನ್ನ ಸೂರ್ಯಾಸ್ತದ ಫೋಟೋ ಒಳಗೆ ಸೇರಿಸಿ ತನ್ನ ಇಮೇಲಿಗೆ ಕಳಿಸ್ಕೊಂಡ, 2018ರಲ್ಲಿ ಅರೆಸ್ಟ್ ಆಯ್ತು, ಜೈಲೂ ಆಯ್ತು. ನಮ್ಮಲ್ಲೂ ಐಟಿ ಕಾಯ್ದೆ 2000ರ 69ನೇ ಸೆಕ್ಷನ್ ಪ್ರಕಾರ ಸರ್ಕಾರದ ಏಜೆನ್ಸಿ ಕಾನೂನು ಪ್ರಕಾರ ಆದೇಶ ಕೊಟ್ಟು ಬೀಗ ತೆಗಿ ಅಂದ್ರೆ ಸಹಕರಿಸ್ಬೇಕು, ಇಲ್ಲಾಂದ್ರೆ ಏಳು ವರ್ಷದವರೆಗೂ ಜೈಲಾಗ್ಬೋದು. ನಿಮ್ಮ ಸ್ವಂತ ಗುಟ್ಟಿಗೆ ಬಳಸಿ, ಬೇರೆಯವರ ಆಸ್ತಿಗಲ್ಲ.

ಇನ್ನು ಆ ಕಾಗದದ ವಿಷಯ. ಎಫ್‌ಬಿಐ ಕಥೆ ಹೇಳಿ ನಾನೇ ಈಗ ಬರ್ದಿಡಿ ಅಂತೀನಿ, ಬೇರೆ ದಾರಿ ಇಲ್ಲ, ಇಲ್ಲಿ ಫರ್ಗೆಟ್ ಪಾಸ್‌ವರ್ಡ್ ಅನ್ನೋ ಬಟನ್ನೇ ಇಲ್ಲ. ನಾನು ಎರಡೂ ಪಾಸ್‌ವರ್ಡ್ ಬರ್ದು ಲಕೋಟೆ ಅಂಟಿಸಿ ಅಕ್ಕನ ಮನೇಲಿ ಇಟ್ಟಿದೀನಿ, ಯಾವ ಫೋಟೋ ಅಂತ ಅದರಲ್ಲಿ ಬರ್ದಿಲ್ಲ, ಅದು ನನ್ನ ಹೆಂಡತಿಗೆ ಮಾತ್ರ ಗೊತ್ತು, ಅವಳಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಪೆನ್‌ಡ್ರೈವಲ್ಲಿ ಫೋಟೋ ಜೊತೆ ಓಪನ್‌ಸ್ಟೆಗೊ ಇನ್‌ಸ್ಟಾಲರ್ ಇಡೋಣ ಅನ್ಸಿತ್ತು, ಆದ್ರೆ ಅದು ಬಚ್ಚಿಟ್ಟಿದೀನಿ ಅಂತ ಬೋರ್ಡ್ ಹಾಕಿದಂಗೆ, ಅದಕ್ಕೆ ಇನ್‌ಸ್ಟಾಲರ್ ಬೇರೆ ಡ್ರೈವಲ್ಲಿದೆ. ಪೆನ್‌ಡ್ರೈವ್ ವರ್ಷಗಟ್ಟಲೆ ಹಾಗೇ ಬಿಟ್ರೆ ಕೈಕೊಡತ್ತೆ, ಹಾಗಾಗಿ ಆಯುಧಪೂಜೆ ದಿನ ಕಂಪ್ಯೂಟರ್ ಒರೆಸಿ ಕುಂಕುಮ ಇಡೋ ಮೊದ್ಲು ಫೋಟೋನ ಒಂದ್ಸಲ ತೆಗೆದು, ಆ ಎಂಟು ಎಂಟು ಅಂಕಿ ತಾಳೆ ನೋಡಿ, ಹೊಸ ಡ್ರೈವಿಗೆ ಕಾಪಿ ಮಾಡಿಬಿಡ್ತೀನಿ.